ಜ್ವರ ಇಳಿಯಿತು, ನಾಡಿ ಇಳಿಯಲಿಲ್ಲ

ಮಕ್ಕಳಿಗೆ ನೆಗಡಿ, ಜ್ವರ, ವಾಂತಿ ಬಂದು ಹೋಗುವುದು ಮನೆಮನೆಯ ಸಂಗತಿ. ಬಹುಪಾಲು ಮಕ್ಕಳಲ್ಲಿ ವೈರಸ್ ಯಾವ ಗುರುತನ್ನೂ ಉಳಿಸದೆ ಹೋಗುತ್ತದೆ. ಕೆಲವೇ ಕೆಲವರಲ್ಲಿ ಮಾತ್ರ ಅದು ಹೃದಯದ ಸ್ನಾಯುವನ್ನು ಹೊಕ್ಕು ಉರಿಯೂತ ಎಬ್ಬಿಸುತ್ತದೆ. ಆಗ ಬಡಿತ ಓಡತೊಡಗುತ್ತದೆ, ನಡುನಡುವೆ ತಪ್ಪುತ್ತದೆ, ಇಲ್ಲವೇ ಅಪಾಯ ಎನ್ನುವಷ್ಟು ನಿಧಾನವಾಗುತ್ತದೆ. ವೈದ್ಯರು ಇದನ್ನು ಮಯೋಕಾರ್ಡೈಟಿಸ್ ಎನ್ನುತ್ತಾರೆ. ಆ ಹೆಸರು 1837ರಷ್ಟು ಹಳೆಯದು; ಆ ಕಾಯಿಲೆಯ ಹಿಂದೆ ವೈರಸ್ ಇರಬಹುದೆಂಬುದು ಖಚಿತವಾಗಲು ಮತ್ತೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಆ ತಿಳಿವಳಿಕೆ ಬೆಳೆದ ದಾರಿಯನ್ನು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಲಯದ ಏರುಪೇರು ಹೃದಯ ಸೋತ ಮೇಲೆ ಬರುವ ಕೊನೆಯ ಲಕ್ಷಣವೇ ಆಗಬೇಕಿಲ್ಲ. ಅದು ರೋಗದ ಮೊದಲ ಸುಳಿವೂ ಆಗಿರಬಹುದು.

ಆ ದಾರಿ ಶುರುವಾದದ್ದು ಪೋಲಿಯೊದಿಂದ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕಾಕ್ಸ್‌ಸ್ಯಾಕಿ ಎಂಬ ಊರಿನಲ್ಲಿ ಕೈಕಾಲಿನ ಬಲ ಕಳೆದುಕೊಂಡ ಮಕ್ಕಳಿಗೆ ಪೋಲಿಯೊ ತಗುಲಿದೆ ಎಂಬ ಶಂಕೆಯಿತ್ತು. ಗಿಲ್ಬರ್ಟ್ ಡಾಲ್ಡಾರ್ಫ್ ಮತ್ತು ಗ್ರೇಸ್ ಸಿಕಲ್ಸ್ ಆ ಮಕ್ಕಳ ಮಲದಿಂದ ತಯಾರಿಸಿದ ದ್ರಾವಣವನ್ನು ಹಾಲು ಕುಡಿಯುವ ಇಲಿಮರಿಗಳಿಗೆ ಚುಚ್ಚಿದರು. ಬೆಳೆದ ಇಲಿಗಳು ತಾಳಿಕೊಂಡ ಸೋಂಕಿಗೆ ಮರಿಗಳು ಕಾಯಿಲೆ ಬಿದ್ದವು. ಹೀಗೆ 1948ರಲ್ಲಿ ಹೊರಬಂದ ಹೊಸ ವೈರಸ್‌ಗೆ ಊರಿನ ಹೆಸರೇ ನಿಂತಿತು. 1952ರಲ್ಲಿ ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್‌ನ ಹೆರಿಗೆಮನೆಯೊಂದರಲ್ಲಿ ನವಜಾತ ಶಿಶುಗಳು ಹೃದಯದ ಉರಿಯೂತಕ್ಕೆ ತುತ್ತಾದವು. 1956ರಲ್ಲಿ ಪ್ರಕಟವಾದ ಅಧ್ಯಯನ ಕಾಕ್ಸ್‌ಸ್ಯಾಕಿ ಬಿ ಗುಂಪಿನ ವೈರಸ್‌ಗೂ ಆ ಕಾಯಿಲೆಗೂ ಇರುವ ನಂಟನ್ನು ತೋರಿಸಿತು. ಪ್ರಯೋಗಾಲಯದಲ್ಲಿ ಎಳೆಯ ಪ್ರಾಣಿಗಳನ್ನು ಕಾಡಿದ ವೈರಸ್ ಮನುಷ್ಯರಲ್ಲೂ ಎಳೆಯ ಹೃದಯಕ್ಕೇ ಹೆಚ್ಚು ಘಾತಕವಾಗಿತ್ತು. ಮುಂದೆ ಅಡೆನೊವೈರಸ್, ಪಾರ್ವೊವೈರಸ್ ಬಿ19, ಈಚೆಗೆ ಕೋವಿಡ್ ವೈರಸ್ ಈ ಸಾಲಿಗೆ ಸೇರಿದವು.

ಲಯವೇ ಏಕೆ ಕೆಡುತ್ತದೆ ಎಂಬ ಪ್ರಶ್ನೆಗೆ ಸುಳಿವು ಸಿಕ್ಕಿದ್ದು ಇನ್ನೂ ತಡವಾಗಿ. ಕಾಕ್ಸ್‌ಸ್ಯಾಕಿ ಬಿ ಮತ್ತು ಅಡೆನೊವೈರಸ್‌ಗಳು ಜೀವಕೋಶದ ಮೇಲಿನ ಒಂದೇ ಪ್ರೋಟೀನನ್ನು ಹಿಡಿದು ಒಳಹೋಗುತ್ತವೆ ಎಂದು 1997ರಲ್ಲಿ ಗೊತ್ತಾಯಿತು. ಹೃದಯದಲ್ಲಿ ಆ ಪ್ರೋಟೀನು ಇರುವುದು ಕೋಶಕ್ಕೆ ಕೋಶ ಬೆಸೆಯುವ ಜಾಗದಲ್ಲಿ. ಬಡಿತದ ವಿದ್ಯುತ್ ಸಂದೇಶ ದಾಟುವುದೂ ಅಲ್ಲಿಯೇ. 2008ರಲ್ಲಿ ವಿಜ್ಞಾನಿಗಳು ಇಲಿಗಳ ಹೃದಯದಲ್ಲಿ ಅದು ಇಲ್ಲದಂತೆ ಮಾಡಿದಾಗ, ಮೇಲಿನ ಕೋಣೆಗಳ ಸಂದೇಶ ಕೆಳಗಿನ ಕೋಣೆಗಳಿಗೆ ಸರಿಯಾಗಿ ತಲುಪಲಿಲ್ಲ. ವೈರಸ್ ನುಗ್ಗುವ ಬಾಗಿಲೇ ಲಯದ ಕೊಂಡಿಯೂ ಆಗಿದೆ. ಇಲಿಯಲ್ಲಿ ಕಂಡದ್ದನ್ನು ಮಗುವಿಗೆ ಹಾಗೆಯೇ ಅನ್ವಯಿಸಲಾಗದು, ನಿಜ. ಆದರೆ ಆಸ್ಪತ್ರೆಗಳಲ್ಲಿ ಕಾಣುವುದೂ ಇದಕ್ಕೆ ಹೊಂದುತ್ತದೆ: ಊದಿಕೊಂಡ ಸ್ನಾಯುವಿನಲ್ಲಿ ಸಂದೇಶ ಒಂದೆಡೆ ತಡೆದು, ಇನ್ನೊಂದೆಡೆ ಸುತ್ತುಹೊಡೆದು ಬಡಿತ ಕೆಡುತ್ತದೆ. ತಾತ್ಕಾಲಿಕ ಪೇಸ್‌ಮೇಕರ್ ನೆರವಿನಿಂದ ಉರಿಯೂತದ ದಿನಗಳನ್ನು ದಾಟಿಸಿದರೆ ಅನೇಕ ಮಕ್ಕಳಲ್ಲಿ ಲಯ ತಾನಾಗಿ ಮರಳುತ್ತದೆ. ಕೆಲವರಲ್ಲಿ ಮಾತ್ರ ಸ್ನಾಯುವಿನಲ್ಲಿ ಮಾಸದ ಕಲೆ ಉಳಿದು ಮುಂದೆಯೂ ತೊಂದರೆ ಕೊಡುತ್ತದೆ.

ಇಷ್ಟು ಅಪರೂಪದ ಕಾಯಿಲೆಗಾಗಿ ತಂದೆತಾಯಿಯರನ್ನು ಹೆದರಿಸಬೇಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಮಗುವಿನ ನಾಡಿ ನಿಮಿಷಕ್ಕೆ ಸುಮಾರು ಹತ್ತರಷ್ಟು ಏರುವುದು ಸಹಜ. ಉಸಿರಿನೊಂದಿಗೆ ಮಕ್ಕಳ ನಾಡಿ ಹೆಚ್ಚುಕಡಿಮೆಯಾಗುವುದೂ ಆರೋಗ್ಯದ ಲಕ್ಷಣವೇ. ಹಾಗಾಗಿ ಜ್ವರ ಬಂದ ಮಕ್ಕಳಿಗೆಲ್ಲ ಹೃದಯದ ವಿದ್ಯುತ್ ಲಯ ದಾಖಲಿಸುವ ಇಸಿಜಿ ಬೇಕಿಲ್ಲ. ಬೇಕಾಗಿರುವುದು ಹೊಂದಾಣಿಕೆ ತಪ್ಪಿದ್ದನ್ನು ಗುರುತಿಸುವ ಕಣ್ಣು: ಜ್ವರ ಇಳಿದರೂ ಇಳಿಯದ ನಾಡಿ, ಮಲಗಿದ್ದರೂ ಏದುಸಿರು, ಎದೆನೋವು, ಕಾರಣವಿಲ್ಲದೆ ಎಚ್ಚರ ತಪ್ಪುವುದು, ವಾಂತಿಯ ಜೊತೆ ತಣ್ಣಗಾದ ಕೈಕಾಲು. ಈ ಕಾಯಿಲೆ ಎಷ್ಟೋ ಸಲ ಹೊಟ್ಟೆಯ ಸೋಂಕು ಅಥವಾ ಆಸ್ತಮಾದ ವೇಷದಲ್ಲಿ ಬರುತ್ತದೆ. ವಾಂತಿಯಿಂದ ನೀರಿನಂಶ ಕಡಿಮೆಯಾಗಿದೆ ಎಂದುಕೊಂಡು ಡ್ರಿಪ್ ಅನ್ನು ಜೋರಾಗಿ ಹರಿಸಿದರೆ, ಬಳಲಿದ ಹೃದಯ ಆ ಭಾರ ತಾಳದೆ ಸ್ಥಿತಿ ಬಿಗಡಾಯಿಸಬಹುದು. ಇಸಿಜಿ ಸರಿಯಿದ್ದ ಮಾತ್ರಕ್ಕೆ ಕಾಯಿಲೆಯೇ ಇಲ್ಲ ಎನ್ನಲಾಗದು ಎಂಬ ಇನ್ನೊಂದು ಆಕ್ಷೇಪವೂ ಸರಿ. ಅದಕ್ಕೆ ಉತ್ತರ ಇಸಿಜಿಯನ್ನು ಬಿಡುವುದಲ್ಲ. ಅನುಮಾನ ಉಳಿದರೆ ಹೃದಯದ ಸ್ನಾಯುವಿನ ಹಾನಿ ತೋರಿಸುವ ಟ್ರೊಪೊನಿನ್ ರಕ್ತಪರೀಕ್ಷೆ, ಹೃದಯದ ಸ್ಕ್ಯಾನ್ ಆದ ಎಕೋ ಮಾಡಿಸಿ ಮಗುವನ್ನು ನಿಗಾದಲ್ಲಿ ಇರಿಸುವುದು.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. ಇಲ್ಲಿ ಮತ್ತೆ ಮತ್ತೆ ಬರುವ ಡೆಂಗಿಯಲ್ಲೂ ಚೇತರಿಕೆಯ ದಿನಗಳಲ್ಲಿ ನಾಡಿ ನಿಧಾನವಾಗುವುದುಂಟು. ಬಹುತೇಕ ಅದು ತಾನಾಗಿ ಸರಿಹೋಗುತ್ತದೆ, ಅಪರೂಪಕ್ಕೆ ಅದರ ಹಿಂದೆ ಹೃದಯದ ಉರಿಯೂತವಿರುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಓದಿ ಹೇಳುವ ಏರ್ಪಾಡು ನಟ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಿಂದ ರಾಜ್ಯದಲ್ಲಿ ಆಗಲೇ ಶುರುವಾಗಿದೆ. ವಯಸ್ಕರ ಹೃದಯಾಘಾತವನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ಆ ಜಾಲಕ್ಕೆ ಮಕ್ಕಳ ಇಸಿಜಿ ಓದಬಲ್ಲವರನ್ನೂ ಸೇರಿಸಬೇಕು, ಏಕೆಂದರೆ ಮಗುವಿನ ಬಡಿತದ ಲೆಕ್ಕವೇ ಬೇರೆ. ಕಾಯಿಲೆ ಖಚಿತವಾದ ಮಗುವನ್ನು ಮೂರರಿಂದ ಆರು ತಿಂಗಳು ಓಟ, ಪಂದ್ಯಗಳಿಂದ ದೂರವಿಟ್ಟು, ಮತ್ತೆ ಪರೀಕ್ಷಿಸಿದ ಬಳಿಕವೇ ಮೈದಾನಕ್ಕೆ ಬಿಡಬೇಕೆಂಬುದು ತಜ್ಞರ ಸಲಹೆ. ದೈಹಿಕ ಶಿಕ್ಷಕರಿಗೂ ಇದು ಗೊತ್ತಿರಬೇಕು. ಈ ವೈರಸ್‌ಗಳಲ್ಲಿ ಹೆಚ್ಚಿನವನ್ನು ಕೊಲ್ಲುವ ಔಷಧ ನಮ್ಮಲ್ಲಿಲ್ಲ. ಆದ್ದರಿಂದಲೇ ಹೊತ್ತಿಗೆ ಸರಿಯಾಗಿ ಗುರುತಿಸುವುದಕ್ಕೆ ಇಷ್ಟು ಬೆಲೆ.