ಹಾಯಿದೋಣಿ ಏರಲು ಭಯವೇ?

ಸವದತ್ತಿ ಎಲ್ಲಮ್ಮನ ದರ್ಶನ ಮುಗಿಸಿ ನವಿಲುತೀರ್ಥದ ಅಣೆಕಟ್ಟು ನೋಡಿರ್ತೀರಿ. ಅಷ್ಟು ನೀರು ಕಂಡರೆ ಖುಷಿ, ದೋಣಿ ಹತ್ತೋದಂದ್ರೆ ಎದೆ ಡವಡವ! ಆದರೆ ನಮ್ಮ ಪಕ್ಕದ ಗೋವಾದಿಂದಲೇ 2017ರಲ್ಲಿ ನೌಕಾಪಡೆಯ ಆರು ಮಹಿಳೆಯರು 'ತಾರಿಣಿ' ಎಂಬ ಹಾಯಿನೌಕೆಯಲ್ಲಿ ಹೊರಟು, ಭೂಮಿಯನ್ನೇ ಸುತ್ತಿ 2018ರಲ್ಲಿ ಮರಳಿದರು.

ರಜೆಯಲ್ಲಿ ತರಬೇತುದಾರರ ಜೊತೆ ಹಾಯಿದೋಣಿ ಏರುವ ಅವಕಾಶ ಸಿಕ್ಕರೆ ಬಿಡಬೇಡಿ. ಈಜು ಬಂದರೂ ಲೈಫ್ ಜಾಕೆಟ್ ಬೇಕೇ ಬೇಕು. ಸೀರೆ ಬೇಡ, ಚೂಡಿದಾರ ಸಾಕು.

ಗಾಳಿಗೆ ದೋಣಿ ವಾಲಿತೇ? ಗಾಬರಿಯಿಂದ ಹಾಯಿಯ ಹಗ್ಗ ಬಿಗಿ ಹಿಡಿದರೆ ಇನ್ನಷ್ಟು ವಾಲುತ್ತದೆ. ಹಗ್ಗ ಸಡಿಲ ಬಿಡಿ. ಹಾಯಿಯಿಂದ ಗಾಳಿ ಜಾರಿ ದೋಣಿ ನೆಟ್ಟಗಾಗುತ್ತದೆ. ಎದುರುಗಾಳಿಗೆ ನೇರ ಹೋಗಲಾಗದು, ಓರೆಯಾಗಿ ಆಚೆ ಈಚೆ ತಿರುಗುತ್ತ ಸಾಗಬೇಕು. ಇವೆರಡು ಕೈಗೆ ಹತ್ತಿದರೆ ಧೈರ್ಯ ತಾನಾಗಿ ಬರುತ್ತೆ ನೋಡಿ!