ಹೊಲದ ಹೊಗೆ, ರೈತನ ಮನೋಧರ್ಮ, ನಮ್ಮ ಉಸಿರು

ದೀಪಾವಳಿಯ ಆಸುಪಾಸಿನಲ್ಲಿ ಆಕಾಶ ಮಂಕಾಗುವುದು ರಾಜಧಾನಿಯಲ್ಲಿ ನೆಲೆಸಿರುವ ನಮಗೆಲ್ಲ ಪರಿಚಿತವಾದ ಸಂಗತಿ. ಗಂಟಲ ಕೆರೆತ, ಕಣ್ಣುರಿ, ಮಕ್ಕಳ ಕೆಮ್ಮು, ಹಿರಿಯರ ಉಬ್ಬಸ ಇವೆಲ್ಲ ಆ ಋತುವಿನ ಅತಿಥಿಗಳು. ವಾಹನ, ಕಾರ್ಖಾನೆ, ಕಟ್ಟಡಗಳ ಧೂಳು ಎಲ್ಲವೂ ಇದಕ್ಕೆ ಕಾರಣವೇ. ಆದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ ಪಂಜಾಬ್, ಹರಿಯಾಣಗಳ ಗದ್ದೆಗಳಲ್ಲಿ ಸುಡುವ ಭತ್ತದ ಹುಲ್ಲು ಮತ್ತು ಕೂಳೆಯ ಪಾಲು ಕೆಲವು ದಿನಗಳಲ್ಲಿ ಮೂರನೆಯ ಒಂದನ್ನೂ ಮೀರಿದ್ದುಂಟು. ಇಲ್ಲಿನವರು ಇದನ್ನೇ ‘ಪರಾಲಿ’ ಎನ್ನುತ್ತಾರೆ.

ಈ ಹೊಗೆಯಲ್ಲಿರುವ 2.5 ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ಉಬ್ಬಸವನ್ನೂ ಹೃದ್ರೋಗವನ್ನೂ ಉಲ್ಬಣಗೊಳಿಸುತ್ತವೆ. ದಿನದ ಸರಾಸರಿಯಲ್ಲಿ ಇವು ಘನಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದೆಂಬುದು ನಮ್ಮ ರಾಷ್ಟ್ರೀಯ ಮಿತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿಯಂತೂ ಕೇವಲ 15.

ರೈತ ಏಕೆ ಸುಡುತ್ತಾನೆ?

ಅಂತರ್ಜಲವನ್ನು ಉಳಿಸಲು ಪಂಜಾಬ್ ಸರ್ಕಾರ 2009ರಲ್ಲಿ ಕಾನೂನು ಮಾಡಿ, ಜೂನ್ 10ಕ್ಕೆ ಮೊದಲು ಭತ್ತದ ನಾಟಿಯನ್ನು ನಿಷೇಧಿಸಿತು. ಈ ದಿನಾಂಕ ಆಮೇಲೆ ಬದಲಾಗುತ್ತ ಬಂದಿದೆ. ನಾಟಿ ತಡವಾದಾಗ ಕೊಯ್ಲೂ ತಡವಾಯಿತು. ಗೋಧಿಯನ್ನೋ ನವೆಂಬರ್ ನಡುವಿನೊಳಗೆ ಬಿತ್ತಬೇಕು. ನಡುವೆ ಉಳಿಯುವುದು ಎರಡು ಮೂರು ವಾರ ಮಾತ್ರ. ಕೊಯ್ಲುಯಂತ್ರವು ತೆನೆಯನ್ನು ಕತ್ತರಿಸಿ ಕೂಳೆಯನ್ನು ನಿಲ್ಲಿಸಿ ಹೋಗುತ್ತದೆ. ಬಾಸುಮತಿಯಲ್ಲದ ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚಾದ್ದರಿಂದ ಅದು ದನಗಳ ಮೇವಾಗಿಯೂ ಅಲ್ಲಿ ಸಲ್ಲದು. ಆಗ ಅತ್ಯಂತ ಅಗ್ಗವಾಗಿ ಕಾಣುವುದು ಬೆಂಕಿಕಡ್ಡಿಯೇ.

ಆದರೆ ಸುಟ್ಟದ್ದು ಕಸವಲ್ಲ. ಒಂದು ಟನ್ ಹುಲ್ಲಿನೊಡನೆ ಸುಮಾರು 5.5 ಕಿಲೋ ಸಾರಜನಕ ಮತ್ತು 25 ಕಿಲೋ ಪೊಟ್ಯಾಸಿಯಂ ನಷ್ಟವಾಗುತ್ತವೆಂಬುದು ಕೃಷಿ ತಜ್ಞರ ಲೆಕ್ಕ.

ನೋಟ ಮತ್ತು ನಿರ್ವಹಣೆ

ಹುಲ್ಲಿನ ನಡುವೆಯೇ ಗೋಧಿ ಬಿತ್ತುವ ‘ಹ್ಯಾಪಿ ಸೀಡರ್’ ಯಂತ್ರ ಈ ಶತಮಾನದ ಆರಂಭದಲ್ಲೇ ಪಂಜಾಬಿನಲ್ಲಿ ರೂಪುಗೊಂಡಿತು. 2018ರಿಂದ ಕೇಂದ್ರ ಸರ್ಕಾರ ಇಂಥ ಯಂತ್ರಗಳಿಗೆ ಸಹಾಯಧನ ನೀಡಿತು. ಆದರೂ ಬೆಂಕಿ ಪೂರ್ತಿ ಆರಲಿಲ್ಲ. ಹಸನಾದ ಹೊಲವೆಂದರೆ ಬರಿದಾದ ಹೊಲವೆಂದು ನಂಬಿದವನಿಗೆ ಹುಲ್ಲು ಹೊದ್ದ ಗದ್ದೆ ಸೋಮಾರಿತನದ ಗುರುತಾಗಿ ಕಾಣುತ್ತದೆ. ಇಲಿ ಬಂದೀತೆಂಬ, ಇಳುವರಿ ಇಳಿದೀತೆಂಬ ಅಂಜಿಕೆ ಬೇರೆ. ಒಂದೇ ವರ್ಷಕ್ಕೆ ಗುತ್ತಿಗೆ ಹಿಡಿದವನಿಗೆ ಮಣ್ಣಿನ ನಾಳೆಯ ಚಿಂತೆ ಏಕೆ ಬಂದೀತು?

ಒಳ್ಳೆಯ ಮನಸ್ಸೊಂದೇ ಸಾಲದು, ಕ್ರಮಬದ್ಧ ಯೋಜನೆಯೂ ಬೇಕು. ಪಿಆರ್ 126 ಎಂಬ ಭತ್ತದ ತಳಿ ನಾಟಿಯಾದ ಸುಮಾರು 93 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಪೂಸಾ 44 ತಳಿಗೆ ಅದಕ್ಕಿಂತ ಒಂದು ತಿಂಗಳಿಗೂ ಹೆಚ್ಚು ಕಾಲ ಬೇಕು. ದೆಹಲಿಯ ಪೂಸಾ ಸಂಸ್ಥೆಯ ಕೊಳೆಸುವ ದ್ರಾವಣಕ್ಕೂ ಮೂರು ವಾರಗಳಷ್ಟು ಸಮಯ ಬೇಕು. ಎಂದರೆ, ನವೆಂಬರಿನ ಬೆಂಕಿ ಜೂನಿನಲ್ಲಿ ತಳಿಯನ್ನು ಆರಿಸುವಾಗಲೇ ನಿರ್ಧಾರವಾಗಿರುತ್ತದೆ. ಮುಂದಾಲೋಚಿಸಿ, ನೆರೆಯವರೊಡನೆ ಸೇರಿ ಯಂತ್ರವನ್ನು ಮೊದಲೇ ಗೊತ್ತುಮಾಡಿಕೊಳ್ಳುವ ರೈತನಿಗೆ ಕಡ್ಡಿ ಗೀರುವ ಪ್ರಮೇಯ ಬರುವುದು ವಿರಳ.

ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಬೇಸಾಯ ಮಾಡಿ 2019ರಲ್ಲಿ ಅಗಲಿದ ಎಲ್. ನಾರಾಯಣ ರೆಡ್ಡಿಯವರನ್ನು ಇಲ್ಲಿ ನೆನೆಯಬಹುದು. ಮೊದಲು ರಾಸಾಯನಿಕಗಳನ್ನೇ ನೆಚ್ಚಿದ್ದ ಅವರು, ಜಪಾನಿನ ಫುಕುಒಕರ ವಿಚಾರಗಳಿಂದ ಪ್ರೇರಿತರಾಗಿ ಸಾವಯವ ಕೃಷಿಗೆ ತಿರುಗಿದರು. ಕಸಕಡ್ಡಿಯೆಲ್ಲ ಮಣ್ಣಿನ ಆಹಾರವೆಂಬ ನೋಟ ಮೂಡಿದೊಡನೆ ದುಡಿಮೆಯ ರೀತಿಯೂ ಬದಲಾಗುತ್ತದೆ. ಕರ್ನಾಟಕವು 2004ರಲ್ಲೇ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿತು.

ನಾವೇನು ಮಾಡಬಹುದು?

ಹೊಗೆ ದಟ್ಟವಾದ ದಿನಗಳಲ್ಲಿ ಮುಂಜಾನೆಯ ವಾಯುವಿಹಾರವನ್ನು ಬಿಡಬೇಕು. ಹೊರಗೆ ಹೋಗಲೇಬೇಕಾದರೆ ಎನ್-95 ಮುಖಗವಸು ಧರಿಸಬೇಕು. ಉಬ್ಬಸವುಳ್ಳವರು ವೈದ್ಯರು ಹೇಳಿದ ಔಷಧಿಯನ್ನು ತಪ್ಪಿಸಬಾರದು. ಊರಿನಲ್ಲಿ ಜಮೀನು ಉಳಿಸಿಕೊಂಡಿರುವ ಓದುಗರು ಇನ್ನೊಂದನ್ನೂ ವಿಚಾರಿಸಲಿ: ನಮ್ಮ ಕಬ್ಬಿನ ತರಗು, ತೆಂಗಿನ ಗರಿಗಳ ಗತಿಯೇನು? ಅವನ್ನು ಮಣ್ಣಿಗೆ ಹೊದಿಸಿ ಎಂದು ಅಲ್ಲಿರುವ ಅಣ್ಣತಮ್ಮಂದಿರಿಗೆ ಹೇಳುವುದಲ್ಲದೆ, ಅದಕ್ಕೆ ತಗಲುವ ಖರ್ಚಿನಲ್ಲಿ ಪಾಲುಗೊಳ್ಳುವುದೂ ನಮ್ಮ ಕರ್ತವ್ಯ. ಪಂಜಾಬಿನ ರೈತನನ್ನು ದೂರುವ ಮುನ್ನ ನಮ್ಮ ಹೊಲದ ಹೊಗೆಯನ್ನು ನಿಲ್ಲಿಸುವುದು ನ್ಯಾಯವಲ್ಲವೇ?