ಪೋಲಿಯೊ ಕಾಲಿಗೆ ಹೊಸ ಕೀಲು ಕೂರುವುದೇ?

“ಆ ಕಾಲಿಗೆ ಆಪರೇಷನ್ ಮಾಡಿಸಿ ಏನು ಪ್ರಯೋಜನ? ಅದರಲ್ಲಿ ಶಕ್ತಿಯೇ ಇಲ್ಲವಲ್ಲ.” ಚಿಕ್ಕಂದಿನಲ್ಲಿ ಪೋಲಿಯೊ ಬಂದು, ಈಗ ಸೊಂಟದ ಕೀಲು ಸವೆದು, ರಾತ್ರಿ ಮಗ್ಗುಲು ಬದಲಿಸಲಾಗದಷ್ಟು ನೋಯುತ್ತಿರುವವರು ಮನೆಯವರಿಂದ, ನೆಂಟರಿಂದ, ಒಮ್ಮೊಮ್ಮೆ ವೈದ್ಯರಿಂದಲೂ ಕೇಳುವ ಮಾತಿದು. ಹೇಳುವವರಲ್ಲಿ ಕೆಟ್ಟ ಮನಸ್ಸಿಲ್ಲ. ಆದರೆ ಮಾತು ಅರ್ಧ ಮಾತ್ರ ನಿಜ. ಅದನ್ನೇ ಪೂರ್ತಿ ನಂಬಿದವರು, ತಗ್ಗಿಸಬಹುದಾಗಿದ್ದ ನೋವನ್ನು ವರ್ಷಗಟ್ಟಲೆ ತಿನ್ನುತ್ತಾರೆ.

ಇಂಥವರು ಬೆರಳೆಣಿಕೆಯಷ್ಟಲ್ಲ. ದೇಶದಲ್ಲಿ ಪಲ್ಸ್ ಪೋಲಿಯೊ ಅಭಿಯಾನ ಶುರುವಾದದ್ದು 1995ರಲ್ಲಿ. ಸಹಜ ಪೋಲಿಯೊ ವೈರಸ್ ಕೊನೆಯದಾಗಿ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೊಮುಕ್ತವೆಂದು ಸಾರಿತು. ರೋಗವೇನೋ ಹೋಯಿತು, ರೋಗ ಬಂದವರು ನಮ್ಮ ನಡುವೆಯೇ ಇದ್ದಾರೆ. 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರಿಗಾಗಿ ಸಂಸ್ಥೆ ಕಟ್ಟಿದ ಎನ್.ಎಸ್. ಹೇಮಾ, ಗಾಲಿಕುರ್ಚಿಯಲ್ಲಿ ಕುಳಿತೇ ಕ್ರೀಡೆಯಲ್ಲಿ ದೇಶಕ್ಕೆ ಪದಕಗಳನ್ನು ತಂದು 2001ರಲ್ಲಿ ಪದ್ಮಶ್ರೀ ಪಡೆದ ಮಾಲತಿ ಹೊಳ್ಳ, ಇಬ್ಬರೂ ಪೋಲಿಯೊ ಜೊತೆಗೇ ಬೆಳೆದವರು. ಅವರ ಹಿಂದೆ ಊರೂರಿನ ಶಿಕ್ಷಕರು, ದರ್ಜಿಗಳು, ಬ್ಯಾಂಕ್ ನೌಕರರು, ಅಂಗಡಿಯವರು ಇದ್ದಾರೆ. ಆ ತಲೆಮಾರಿಗೆ ಈಗ ವಯಸ್ಸಾಗುತ್ತಿದೆ.

ಮೊದಲ ತಪ್ಪು ತಿಳಿವಳಿಕೆ, ಪೋಲಿಯೊ ಕಾಲಿಗೆ ಸ್ಪರ್ಶವಿಲ್ಲ, ಹಾಗಾಗಿ ನೋವೂ ಇರದು ಎಂಬುದು. ಪೋಲಿಯೊ ವೈರಸ್ ಕೆಡಿಸುವುದು ಬೆನ್ನುಹುರಿಯ ಮುಂಭಾಗದಲ್ಲಿ ಸ್ನಾಯುಗಳಿಗೆ ಆಜ್ಞೆ ಕಳಿಸುವ ನರಕೋಶಗಳನ್ನು. ಸ್ಪರ್ಶ, ಬಿಸಿ, ನೋವುಗಳನ್ನು ಮಿದುಳಿಗೆ ಮುಟ್ಟಿಸುವ ನರಗಳ ಗೋಜಿಗೆ ಅದು ಹೋಗುವುದಿಲ್ಲ. ಸಣಕಲಾದ, ತಣ್ಣಗಿರುವ ಆ ಕಾಲು ಮುಳ್ಳು ಚುಚ್ಚಿದರೆ ನೋಯುತ್ತದೆ, ಕೀಲು ಸವೆದರೂ ನೋಯುತ್ತದೆ. “ಪೋಲಿಯೊ ಇದ್ದ ಮೇಲೆ ನೋವು ಇದ್ದದ್ದೇ” ಎಂದು ತಳ್ಳಿಹಾಕಿದರೆ ಕಾರಣ ಹುಡುಕುವ ಕೆಲಸವೇ ನಿಂತುಹೋಗುತ್ತದೆ.

ಕೆಡುವುದು ಸೊರಗಿದ ಕಾಲಿನ ಕೀಲೇ ಎಂಬುದು ಇನ್ನೊಂದು ಊಹೆ. ಎಷ್ಟೋ ಜನರಲ್ಲಿ ಮೊದಲು ಸವೆಯುವುದು ‘ಒಳ್ಳೆಯ’ ಕಾಲಿನ ಸೊಂಟ. ಮೆಟ್ಟಿಲು ಹತ್ತಿದ್ದು, ಬಸ್ಸಿಗೆ ಏರಿದ್ದು, ದೇಹದ ಭಾರವನ್ನೆಲ್ಲ ನಲವತ್ತು ಐವತ್ತು ವರ್ಷ ಹೊತ್ತದ್ದು ಆ ಕಾಲೇ ತಾನೆ. ಒಂಟಿ ಕಾಲಲ್ಲಿ ನಿಂತಾಗ ಸೊಂಟದ ಕೀಲಿನ ಮೇಲೆ ದೇಹದ ತೂಕದ ಎರಡು ಪಟ್ಟಿಗೂ ಹೆಚ್ಚು ಒತ್ತಡ ಬೀಳುತ್ತದೆ. ಅದರ ದೊಡ್ಡ ಪಾಲು ಪೃಷ್ಠದ ಪಕ್ಕದ ಸ್ನಾಯುಗಳ ಎಳೆತದಿಂದ ಬರುವಂಥದ್ದು. ಪೋಲಿಯೊ ಕಾಲಿನಲ್ಲಿ ಆ ಎಳೆತವೇ ಕಡಿಮೆ, ಒತ್ತಡವೂ ಕಡಿಮೆ. ಹಾಗೆಂದು ಅದು ಪಾರಾಗುವುದಿಲ್ಲ. ಬೆಳೆಯುವ ವಯಸ್ಸಿನಲ್ಲಿ ಮೂಳೆಗೆ ರೂಪ ಕೊಡುವುದು ಸ್ನಾಯುಗಳ ಎಳೆತವೇ. ಅದಿಲ್ಲದೆ ಕೀಲಿನ ಬಟ್ಟಲು ಆಳವಾಗುವುದಿಲ್ಲ, ತೊಡೆಮೂಳೆಯ ಕತ್ತು ನೆಟ್ಟಗೆ ಬೆಳೆಯುತ್ತದೆ, ಮೂಳೆ ತೆಳುವಾಗುತ್ತದೆ. ಆಳವಿಲ್ಲದ ಬಟ್ಟಲಿನಲ್ಲಿ ತೊಡೆಮೂಳೆಯ ತುದಿಯ ಗುಂಡು ಅಂಚಿಗೆ ಉಜ್ಜಿ ಸವೆಯುತ್ತದೆ; ಇಲ್ಲವೇ ಬಚ್ಚಲಲ್ಲಿ ಒಮ್ಮೆ ಜಾರಿ ಬಿದ್ದರೆ ಸಾಕು, ತೆಳು ಮೂಳೆ ಮುರಿಯುತ್ತದೆ.

ಇನ್ನು ಮೂಲ ಪ್ರಶ್ನೆ: ಇಂಥ ಕಾಲಿಗೆ ಹೊಸ ಕೀಲು ಕೂರುವುದೇ? ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ 1962ರಲ್ಲಿ ಲೋಹದ ಗುಂಡು, ಪಾಲಿಥಿಲೀನ್ ಬಟ್ಟಲು, ಮೂಳೆಯ ಸಿಮೆಂಟು ಸೇರಿಸಿ ಇಂದಿನ ಕೀಲು ಬದಲಾವಣೆಗೆ ಅಡಿಪಾಯ ಹಾಕಿದರು. ಸುತ್ತಲಿನ ಸ್ನಾಯುಗಳು ಬಿಗಿಯಾಗಿ ಹಿಡಿದುಕೊಂಡಿದ್ದರೆ ಮಾತ್ರ ಹೊಸ ಗುಂಡು ಬಟ್ಟಲಲ್ಲಿ ನಿಲ್ಲುತ್ತದೆ. ಪೋಲಿಯೊ ಕಾಲಿನಲ್ಲಿ ಆ ಹಿಡಿತ ಸಡಿಲ, ಕೀಲು ಜಾರೀತು ಎಂಬ ಭಯದಿಂದಲೇ ಬಹುಕಾಲ ಶಸ್ತ್ರವೈದ್ಯರು ಹಿಂಜರಿದರು. ಭಯಕ್ಕೆ ಆಧಾರವಿತ್ತು, ಈಗಲೂ ಇದೆ. ಆದರೆ ಪರಿಹಾರವೂ ಹುಟ್ಟಿದೆ. 1970ರ ದಶಕದಲ್ಲಿ ಫ್ರಾನ್ಸಿನ ಸೆಂಟ್ ಎತಿಯೆನ್ ನಗರದಲ್ಲಿ ಜಿಲ್ ಬೂಸ್ಕೆ ರೂಪಿಸಿದ ‘ಡ್ಯುಯಲ್ ಮೊಬಿಲಿಟಿ’ ಕೀಲಿನಲ್ಲಿ ಚಿಕ್ಕ ಗುಂಡು ಒಂದು ಪ್ಲಾಸ್ಟಿಕ್ ಗುಂಡಿನೊಳಗೆ ತಿರುಗುತ್ತದೆ, ಆ ದೊಡ್ಡ ಗುಂಡು ಲೋಹದ ಬಟ್ಟಲಿನೊಳಗೆ ತಿರುಗುತ್ತದೆ. ಗುಂಡಿನೊಳಗೆ ಗುಂಡು ಇರುವುದರಿಂದ ಅದು ಬಟ್ಟಲಿನ ಅಂಚು ದಾಟಿ ಹೊರಬರುವುದು ಬಹಳ ಕಷ್ಟ. ದುರ್ಬಲ ಸ್ನಾಯು ಇರುವವರಿಗೆ ಇಂಥ ಕೀಲನ್ನೇ ವೈದ್ಯರು ಹೆಚ್ಚಾಗಿ ಯೋಚಿಸುತ್ತಾರೆ. ತೊಡೆಮೂಳೆಯೊಳಗಿನ ಮಜ್ಜೆಯ ನಾಳ ಕಿರಿದಾಗಿದ್ದರೆ, ಅದರೊಳಗೆ ಕೂರಿಸುವ ಲೋಹದ ಕಾಂಡವನ್ನು ಸಣ್ಣ ಅಳತೆಯಲ್ಲಿ ಮೊದಲೇ ತರಿಸಿಡಬೇಕು.

ಎಲ್ಲರಿಗೂ ಇದು ಸಲ್ಲುತ್ತದೆ ಎಂದು ಹೇಳುವುದೂ ಮೋಸವೇ ಆದೀತು. ವೈದ್ಯರು ಸ್ನಾಯುಬಲವನ್ನು ಸೊನ್ನೆಯಿಂದ ಐದರವರೆಗೆ ಅಳೆಯುತ್ತಾರೆ. ಪಕ್ಕಕ್ಕೆ ಮಲಗಿ, ಯಾರ ನೆರವೂ ಇಲ್ಲದೆ ಕಾಲನ್ನು ಮೇಲೆತ್ತಲು ಬಂದರೆ ಅದು ಮೂರು. ಅಷ್ಟಿದ್ದರೆ ಧೈರ್ಯ ಹೆಚ್ಚು. ಅದಕ್ಕಿಂತ ಕಡಿಮೆ ಇದ್ದರೆ ಜಾರುವ ಅಪಾಯ ಏರುತ್ತದೆ, ತೀರ್ಮಾನವನ್ನು ಅಳೆದು ಸುರಿದು ಮಾಡಬೇಕಾಗುತ್ತದೆ. ಈವರೆಗೆ ಪ್ರಕಟವಾದ ಅನುಭವಗಳು ಸಣ್ಣ ಸಣ್ಣ ಗುಂಪುಗಳವು. ಅವುಗಳಲ್ಲಿ ಹೆಚ್ಚಿನವರಿಗೆ ನೋವು ಇಳಿದಿದೆ. ಕುಂಟು ಮಾತ್ರ ಉಳಿದಿದೆ. ಹೊಸ ಕೀಲು ನೋವನ್ನು ತೆಗೆಯುತ್ತದೆ, ಸತ್ತ ನರಕೋಶಕ್ಕೆ ಜೀವ ಕೊಡುವುದಿಲ್ಲ. ಈ ಮಾತನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಬಿಡಿಸಿ ಹೇಳದಿದ್ದರೆ ಆಮೇಲಿನ ನಿರಾಸೆ ದೊಡ್ಡದು.

ಅರಿವಳಿಕೆಯನ್ನು ಪೋಲಿಯೊ ದೇಹ ತಾಳುವುದಿಲ್ಲ ಎಂಬ ಹೆದರಿಕೆಯೂ ಇದೆ. ತಾಳುತ್ತದೆ. ಆದರೆ ನಿದ್ದೆಯ ಔಷಧ, ಸ್ನಾಯು ಸಡಿಲಿಸುವ ಔಷಧಗಳಿಗೆ ಕೆಲವರ ದೇಹ ಬೇಗ ಸ್ಪಂದಿಸುತ್ತದೆ, ಚಳಿ ಬೇಗ ಹಿಡಿಯುತ್ತದೆ, ಉಸಿರಾಟದ ಸ್ನಾಯುಗಳೂ ದುರ್ಬಲವಾಗಿರಬಹುದು. ಹಾಗಾಗಿ ಪೋಲಿಯೊ ಬಂದ ಸಂಗತಿಯನ್ನು ಅರಿವಳಿಕೆ ತಜ್ಞರಿಗೆ ತಾವಾಗಿಯೇ ಹೇಳಬೇಕು.

“ಎಷ್ಟು ವ್ಯಾಯಾಮ ಮಾಡಿದರೆ ಅಷ್ಟು ಬೇಗ ನಡೆಯಬಹುದು” ಎಂದು ಆಪರೇಷನ್ ಆದ ಮೇಲೆ ಹೇಳುವ ಹುರುಪಿನ ಮಾತು ಇಲ್ಲಿ ಹೊಂದುವುದಿಲ್ಲ. ಪೋಲಿಯೊ ಬಂದಾಗ ಬದುಕುಳಿದ ನರಕೋಶಗಳು ಅನಾಥವಾದ ಸ್ನಾಯುನಾರುಗಳಿಗೂ ಕವಲು ಚಾಚಿ, ತಮ್ಮ ಪಾಲಿಗಿಂತ ಎಷ್ಟೋ ಹೆಚ್ಚಿನ ಕೆಲಸವನ್ನು ದಶಕಗಳ ಕಾಲ ಮಾಡಿವೆ. ಅವು ದಣಿದು ಹೊಸದಾಗಿ ನಿಶ್ಶಕ್ತಿ ಕಾಣಿಸಿಕೊಳ್ಳುವುದಕ್ಕೆ ಪೋಸ್ಟ್ ಪೋಲಿಯೊ ಸಿಂಡ್ರೋಮ್ ಎನ್ನುತ್ತಾರೆ. ಅಂಥ ಸ್ನಾಯುವನ್ನು ಸುಸ್ತಾಗುವವರೆಗೆ ದುಡಿಸಬಾರದು, ಪೂರ್ತಿ ಸುಮ್ಮನೆ ಬಿಡಲೂಬಾರದು. ಸ್ವಲ್ಪ ಸ್ವಲ್ಪ, ನಡುವೆ ವಿಶ್ರಾಂತಿ. ಇದನ್ನು ಬಲ್ಲ ಫಿಸಿಯೋಥೆರಪಿಸ್ಟ್ ಸಿಕ್ಕರೆ ಅರ್ಧ ಗೆದ್ದಂತೆ.

ನಮ್ಮಲ್ಲಿ ಪೋಲಿಯೊ ಬಂದ ಅನೇಕರು ತೊಡೆಯ ಮೇಲೆ ಕೈಯೂರಿ, ಮುಂದಕ್ಕೆ ಬಾಗಿ ನಡೆಯುತ್ತಾರೆ. ನೆಲದ ಮೇಲೆ ಕುಳಿತೇ ಸರಿಯುವವರೂ ಇದ್ದಾರೆ. ಹೊಸ ಕೀಲಿಗೆ ಅತಿಯಾಗಿ ಬಾಗುವುದು, ಕುಕ್ಕರಗಾಲಿನಲ್ಲಿ ಕೂರುವುದು ಅಪಾಯ. ಊರುಗೋಲು ಹಿಡಿಯಲು ಕೈಗಳಲ್ಲಿ ಬಲವಿದೆಯೇ, ಮನೆಯಲ್ಲಿ ಕಮೋಡ್ ಇದೆಯೇ ಎಂಬುದನ್ನು ಆಪರೇಷನ್ನಿಗೆ ಮೊದಲೇ ನೋಡಿಕೊಳ್ಳಬೇಕು.

ಕೀಲು ಬದಲಿಸುವಾಗಲೇ ಗಿಡ್ಡ ಕಾಲನ್ನು ಇನ್ನೊಂದಕ್ಕೆ ಸರಿಸಮ ಮಾಡಿಸಿಕೊಳ್ಳುವ ಆಸೆ ಸಹಜ. ಆದರೆ ಪಾದ ಎತ್ತಲು ಬಾರದವರಿಗೆ, ಮಂಡಿ ಮಡಿಸದಂತೆ ಕ್ಯಾಲಿಪರ್ ಕಟ್ಟಿಕೊಳ್ಳುವವರಿಗೆ ಆ ಗಿಡ್ಡತನವೇ ನೆರವು: ಹೆಜ್ಜೆ ಮುಂದಿಡುವಾಗ ಕಾಲು ನೆಲಕ್ಕೆ ತಾಗುವುದಿಲ್ಲ. ಅದನ್ನು ಉದ್ದ ಮಾಡಿಬಿಟ್ಟರೆ ಪ್ರತಿ ಹೆಜ್ಜೆಗೂ ಎಡವಬೇಕಾಗುತ್ತದೆ. ಹಾಗಾಗಿ ವೈದ್ಯರನ್ನು ಮೊದಲ ಬಾರಿ ಕಾಣಲು ಹೋಗುವಾಗ ಎಕ್ಸ್‌ರೇ ಜೊತೆಗೆ ಹಳೆಯ ಕ್ಯಾಲಿಪರ್, ಅಟ್ಟೆ ಎತ್ತರಿಸಿದ ಬೂಟು ಎಲ್ಲವನ್ನೂ ಒಯ್ಯಬೇಕು. ಅವನ್ನು ಹಾಕಿಕೊಂಡು ಅವರೆದುರು ಹತ್ತು ಹೆಜ್ಜೆ ನಡೆದು ತೋರಿಸಬೇಕು.